ಬಿಚ್ಚಿದವರು ಬರೆದಿಡಬೇಕು

ತುಂಬಾ ದಿನಗಳಾಯ್ತು ಈ ಕಡೆ ತಲೆ ಹಾಕಿ. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್. ಅದರ ಮಧ್ಯೆ ಯಾರೋ ಬರೆದಿಟ್ಟು ಹೋದ ಹಳೇ ಕೋಡೊಂದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಬರೆದವನು ಕೆಲಸ ಬಿಟ್ಟು ಆರು ವರ್ಷ ಆಗಿದೆ, ಎಲ್ಲೂ ಒಂದು ಸಾಲು ಕಾಮೆಂಟ್ ಇಲ್ಲ. ಆ ಸಿಟ್ಟನ್ನೇ ಇಲ್ಲಿ ಕಾರ್ತಿದ್ದಾನೆ ಅಂದ್ಕೊಂಡ್ರೂ ತಪ್ಪಿಲ್ಲ :) ಆದ್ರೆ ಇವತ್ತಿನ ವಿಷಯ ಸಾಫ್ಟ್‌ವೇರ್ ಅಲ್ಲ, ಕೀಬೋರ್ಡು. ಟೈಪ್ ಮಾಡೋದಲ್ಲ, ನುಡಿಸೋದು.

ಅಮೆರಿಕ, ಯುರೋಪಿನಲ್ಲಿ ಒಂದು ಜಾತಿಯ ಸಣ್ಣ ವರ್ಕ್‌ಶಾಪುಗಳಿವೆ. ಮೂರ್ನಾಲ್ಕು ಜನ, ಒಂದು ಶೆಡ್ಡು, ಗೋಡೆಗೆ ಒರಗಿಸಿಟ್ಟ ಕಪ್ಪು ಪೆಟ್ಟಿಗೆಗಳು. ಅವರ ಕೆಲಸ ಐವತ್ತು ಅರವತ್ತು ವರ್ಷ ಹಳೆಯ ರೋಡ್ಸ್, ವುರ್ಲಿಟ್ಜರ್, ಕ್ಲಾವಿನೆಟ್, ಹ್ಯಾಮಂಡ್ ವಾದ್ಯಗಳನ್ನು ಬಿಚ್ಚಿ, ತೊಳೆದು, ಕೆಟ್ಟದ್ದನ್ನು ತೆಗೆದು, ಮತ್ತೆ ನುಡಿಯೋ ಹಾಗೆ ಮಾಡೋದು. ಇವು ಪಿಯಾನೋನೂ ಅಲ್ಲ, ಈಗಿನ ಎಲೆಕ್ಟ್ರಾನಿಕ್ ಕೀಬೋರ್ಡೂ ಅಲ್ಲ. ಒಳಗೆ ನಿಜವಾಗಲೂ ಏನೋ ಒಂದು ಅಲುಗಾಡುತ್ತೆ, ಕಬ್ಬಿಣದ ಕಡ್ಡಿಯೋ, ಪಟ್ಟಿಯೋ, ತಂತಿಯೋ, ಹಲ್ಲಿನ ಚಕ್ರವೋ. ಅದರ ಅಲುಗಾಟವನ್ನು ವಿದ್ಯುತ್ತು ಹಿಡಿದುಕೊಂಡು ಸ್ಪೀಕರಿಗೆ ಕೊಡುತ್ತೆ. ಅರ್ಧ ಯಂತ್ರ, ಅರ್ಧ ಕರೆಂಟು.

ಈ ವರ್ಕ್‌ಶಾಪುಗಳ ಬಗ್ಗೆ ನನಗೆ ಬಹಳ ಗೌರವ ಇದೆ. ಒಂದು ದೊಡ್ಡ ದೂರೂ ಇದೆ. ಎರಡನ್ನೂ ಹೇಳಿಬಿಡ್ತೀನಿ.

ಮೊದಲು ರೋಡ್ಸ್ ಕಥೆ, ಯಾಕಂದ್ರೆ ನನ್ನ ಹತ್ತಿರ ಇರೋದು ಅದು. ಹೆರಾಲ್ಡ್ ರೋಡ್ಸ್ ಅಂತ ಒಬ್ಬ ಪಿಯಾನೋ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಸೈನಿಕರಿಗೆ ಪಿಯಾನೋ ಕಲಿಸಬೇಕು ಅಂತ ಹೊರಟರು. ಹಾಸಿಗೆ ಮೇಲೆ ಪಿಯಾನೋ ಇಡೋಕ್ಕಾಗುತ್ತಾ? ಬಿ-17 ಬಾಂಬರ್ ವಿಮಾನಗಳ ಮಿಕ್ಕ ಅಲ್ಯೂಮಿನಿಯಂ ಕೊಳವೆಗಳನ್ನು ಕತ್ತರಿಸಿ, ತೊಡೆ ಮೇಲೆ ಇಟ್ಟುಕೊಂಡು ನುಡಿಸೋ 29 ಮನೆಯ ಒಂದು ಪುಟ್ಟ ವಾದ್ಯ ಮಾಡಿದರು. ಅಲ್ಲಿಂದ ಬೆಳೀತಾ ಬೆಳೀತಾ 1959ರಲ್ಲಿ ಗಿಟಾರಿನ ಲಿಯೋ ಫೆಂಡರ್ ಜೊತೆ ಪಾಲುದಾರಿಕೆ, 1965ರಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡಮೇಲೆ 73 ಮನೆಯ ದೊಡ್ಡ ವಾದ್ಯ, 1970ರಲ್ಲಿ ಹೊತ್ತುಕೊಂಡು ಹೋಗಬಹುದಾದ 'ಸ್ಟೇಜ್' ಮಾಡೆಲ್. ಹೊತ್ತುಕೊಂಡು ಹೋಗಬಹುದು ಅನ್ನೋದು ಕಂಪನಿಯವರ ಮಾತು. ತೂಕ ಸುಮಾರು 60 ಕೆಜಿ, ನಮ್ಮ ಮೂರನೇ ಮಹಡಿಗೆ ಲಿಫ್ಟ್ ಇಲ್ಲ. ಬೀಟಲ್ಸ್ 1969ರ ಜನವರಿಯಲ್ಲಿ ಲಂಡನ್ನಿನ ಮಾಳಿಗೆ ಮೇಲೆ ನುಡಿಸಿದ್ರಲ್ಲ, ಅಲ್ಲಿ ಬಿಲ್ಲಿ ಪ್ರೆಸ್ಟನ್ ಮುಂದೆ ಇದ್ದದ್ದು ರೋಡ್ಸೇ.

ಒಳಗಡೆ ಇರೋದು ಬಹಳ ಸರಳ. ಮನೆ ಒತ್ತಿದರೆ ಒಂದು ಸುತ್ತಿಗೆ ಹೋಗಿ ತೆಳ್ಳನೆಯ ಉಕ್ಕಿನ ಕಡ್ಡಿಗೆ ಬಡಿಯುತ್ತೆ. ಈ ಕಡ್ಡಿಗೆ ಟೈನ್ ಅಂತಾರೆ. ಕಡ್ಡಿಯ ಬುಡ ಒಂದು ದಪ್ಪ ಲೋಹದ ಪಟ್ಟಿಗೆ ಸೇರಿಕೊಂಡಿರುತ್ತೆ. ಎರಡೂ ಸೇರಿದರೆ ಒಂದು ಕಾಲು ಸಣ್ಣ, ಒಂದು ಕಾಲು ದಪ್ಪ ಇರೋ ಟ್ಯೂನಿಂಗ್ ಫೋರ್ಕ್ ಅಂದ್ಕೊಳ್ಳಿ. ಕಡ್ಡಿಯ ತುದಿಯ ಮುಂದೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಇರೋ ಥರದ್ದೇ ಅಯಸ್ಕಾಂತ, ಸುರುಳಿ. ಕಡ್ಡಿಗೆ ಒಂದು ಪುಟಾಣಿ ಸ್ಪ್ರಿಂಗ್ ಸುತ್ತಿರುತ್ತೆ, ಅದನ್ನ ಹಿಂದೆ ಮುಂದೆ ಸರಿಸಿದರೆ ಶ್ರುತಿ. ಅಷ್ಟೇ!

ಇಷ್ಟು ಸರಳ ಇದ್ದರೆ ವರ್ಕ್‌ಶಾಪು ಯಾಕೆ ಬೇಕು ಅಂತ ನಾನೂ ಕೇಳಿದ್ದೆ. ಉತ್ತರ ಕಡ್ಡಿ ಎಲ್ಲಿ ನಿಲ್ಲಬೇಕು ಅನ್ನೋದರಲ್ಲಿದೆ. ಕಡ್ಡಿ ಸುಮ್ಮನಿದ್ದಾಗ ಅಯಸ್ಕಾಂತದ ನಟ್ಟನಡುವಿಗೆ ಸರಿಯಾಗಿ ನಿಂತಿದೆ ಅಂತಿಟ್ಟುಕೊಳ್ಳಿ. ಅದು ಮೇಲೆ ಹೋದಾಗಲೂ ದೂರ ಆಗುತ್ತೆ, ಕೆಳಗೆ ಹೋದಾಗಲೂ ದೂರ ಆಗುತ್ತೆ. ಒಂದು ಅಲುಗಾಟಕ್ಕೆ ಎರಡು ಸಲ ಬದಲಾವಣೆ. ಹಾಗಾಗಿ ಸುರುಳಿಗೆ ಕೇಳೋದು ಮೂಲ ಸ್ವರ ಅಲ್ಲ, ಅದರ ಮೇಲಿನ ಸಪ್ತಕ! ಚೂರು ಮೇಲಕ್ಕೆ ಸರಿಸಿದರೆ ಮೂಲ ಸ್ವರ ತುಂಬಿಕೊಂಡು ಬರುತ್ತೆ, ಗಂಟೆಯಂಥ ಮೆತ್ತನೆಯ ದನಿ. ಹತ್ತಿರ ತಂದರೆ ಜೋರಾಗಿ ಹೊಡೆದಾಗ ಗುರ್ ಅನ್ನುತ್ತೆ. ಇದೆಲ್ಲ ಸ್ಕ್ರೂನ ಅರ್ಧ ತಿರುವು, ಕಾಲು ತಿರುವಿನ ಲೆಕ್ಕ. ಇಂಥವು 73 ಕಡ್ಡಿ, ಪ್ರತಿಯೊಂದಕ್ಕೂ ಶ್ರುತಿ, ಎತ್ತರ, ದೂರ, ಡ್ಯಾಂಪರ್ ಬೇರೆ ಬೇರೆ. ಕೂತು ಒಂದೊಂದಾಗಿ ಮಾಡಬೇಕು. ಒಂದು ಭಾನುವಾರ ಬೆಳಿಗ್ಗೆ ಕೂತ ನಾನು ಊಟದ ಹೊತ್ತಿಗೆ ಹನ್ನೊಂದು ಮುಗಿಸಿದ್ದೆ.

ಇಲ್ಲೇ ನಮ್ಮ ಸಾಫ್ಟ್‌ವೇರ್ ಮಿತ್ರರಿಗೆ ಒಂದು ಮಾತು. "ಇದೆಲ್ಲ ಯಾಕೋ, ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ ಹಾಕ್ಕೋ, ಅದೇ ಸೌಂಡು" ಅಂತ ನನಗೆ ಹೇಳದವರಿಲ್ಲ. ರೆಕಾರ್ಡಿಂಗಿನಲ್ಲಿ ಕಣ್ಣು ಮುಚ್ಚಿ ಕೇಳಿಸಿದರೆ ನನಗೂ ಎಷ್ಟೋ ಸಲ ವ್ಯತ್ಯಾಸ ಗೊತ್ತಾಗಲ್ಲ, ಒಪ್ಪಿಕೊಳ್ತೀನಿ. ಆದ್ರೆ ಆ ಪ್ಲಗಿನ್ ಒಳಗೆ ಇರೋ ಸ್ಯಾಂಪಲ್ ಎಲ್ಲಿಂದ ಬಂತು? ಯಾವುದೋ ಒಂದು ನಿಜವಾದ ರೋಡ್ಸನ್ನು ಯಾರೋ ಒಬ್ಬ ಬಿಚ್ಚಿ, ಆ 73 ಕಡ್ಡಿಗಳನ್ನು ತನಗೆ ಸರಿ ಕಂಡ ಜಾಗದಲ್ಲಿ ನಿಲ್ಲಿಸಿ, ಆಮೇಲೆ ರೆಕಾರ್ಡ್ ಮಾಡಿದ್ದು. ನೀವು ಕೇಳ್ತಿರೋದು ರೋಡ್ಸ್ ದನಿ ಅನ್ನೋದಕ್ಕಿಂತ ಒಬ್ಬ ಮೆಕ್ಯಾನಿಕ್ಕಿನ ಅಭಿಪ್ರಾಯ. ಅವನು ಎತ್ತರ ಬೇರೆ ಇಟ್ಟಿದ್ದರೆ ಸಾವಿರಾರು ಹಾಡುಗಳಲ್ಲಿ 'ರೋಡ್ಸ್' ಬೇರೆ ಥರ ಇರ್ತಿತ್ತು.

ವುರ್ಲಿಟ್ಜರ್ ಇನ್ನೂ ಮಜಾ. ನಮ್ಮ ಹಾರ್ಮೋನಿಯಂ ಕಂಡವರಿಗೆ ಅದು ಬೇಗ ಅರ್ಥ ಆಗುತ್ತೆ. ಅದರಲ್ಲೂ ರೀಡು. ಹಾರ್ಮೋನಿಯಂನಲ್ಲಿ ಗಾಳಿ ಊದಿ ಅಲುಗಿಸ್ತೀವಿ, ಅಲ್ಲಿ ಸುತ್ತಿಗೆಯಿಂದ ಬಡೀತಾರೆ. ಉಕ್ಕಿನ ರೀಡು ಕೆಪಾಸಿಟರಿನ ಒಂದು ತಟ್ಟೆ, ಪಕ್ಕದ ಲೋಹದ ಪಟ್ಟಿ ಇನ್ನೊಂದು ತಟ್ಟೆ. ನಡುವೆ 150 ವೋಲ್ಟ್ ಆಸುಪಾಸಿನ ಡಿಸಿ. ರೀಡು ಅಲುಗಿದರೆ ಕೆಪಾಸಿಟನ್ಸ್ ಬದಲಾಗುತ್ತೆ, ಅದೇ ದನಿ. (ಎರಡನೇ ಸೆಮಿಸ್ಟರಿನಲ್ಲಿ ಇದನ್ನ ಉದಾಹರಣೆ ಕೊಟ್ಟು ಹೇಳಿದ್ದರೆ ನನಗೆ ಆ ಪೇಪರಿನಲ್ಲಿ 41 ಬರ್ತಿರಲಿಲ್ಲ.) ಹಾರ್ಮೋನಿಯಂ ರೀಡಿನ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ ಅಲ್ವಾ? ವುರ್ಲಿಟ್ಜರ್ ರೀಡಿನ ತುದಿಯಲ್ಲಿ ಬೆಸುಗೆ ಸೀಸದ ಒಂದು ಹನಿ ಕೂತಿರುತ್ತೆ. ಅದನ್ನ ಅರದಿಂದ ಉಜ್ಜಿ ಕಮ್ಮಿ ಮಾಡಿದರೆ ಸ್ವರ ಏರುತ್ತೆ, ಹೆಚ್ಚಿಗೆ ಸುರಿದರೆ ಇಳಿಯುತ್ತೆ. ಅದೇ ಲೆಕ್ಕ, ಬೇರೆ ದೇಶ. ಉಜ್ಜೋದು ಒಂದು ಚೂರು ಹೆಚ್ಚಾಯ್ತೋ, ಮತ್ತೆ ಬೆಸುಗೆ ಹಾಕಿ ಮೊದಲಿಂದ. ರೇ ಚಾರ್ಲ್ಸ್ 1959ರಲ್ಲಿ 'ವಾಟ್ ಐ ಸೇ' ಹಾಡಿಗೆ ನುಡಿಸಿದ್ದು ವುರ್ಲಿಟ್ಜರನ್ನೇ.

ಕ್ಲಾವಿನೆಟ್ ಜರ್ಮನಿಯ ಹೋಹ್ನರ್ ಕಂಪನಿಯದ್ದು, ಎರ್ನ್ಸ್ಟ್ ಜಕಾರಿಯಾಸ್ ಅನ್ನೋರ ಕೂಸು. ಸ್ಟೀವಿ ವಂಡರ್ 1972ರ 'ಸೂಪರ್‌ಸ್ಟಿಷನ್' ಅಂದರೆ ಅದು. ಇದರಲ್ಲಿ 60 ತಂತಿ, ಪ್ರತಿ ಮನೆಯ ಕೆಳಗೊಂದು ರಬ್ಬರಿನ ಗುಂಡಿ ಹೋಗಿ ತಂತಿಯನ್ನು ಒತ್ತುತ್ತೆ. ವರ್ಷಗಳು ಕಳೆದ ಹಾಗೆ ಈ ರಬ್ಬರ್ ಕರಗಿ ಹಲಸಿನ ಮೇಣ ಆಗಿಬಿಡುತ್ತೆ. ಮನೆ ಬಿಟ್ಟರೂ ತಂತಿ ಬಿಡಲ್ಲ. ಎಷ್ಟೇ ಜೋಪಾನವಾಗಿ ಇಟ್ಟಿರಿ, ಇದಕ್ಕೆ ವಿನಾಯಿತಿ ಇಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ಲೋಕದಲ್ಲಿ 'ಆಲ್ ಒರಿಜಿನಲ್' ಅನ್ನೋ ಒಂದು ಹುಚ್ಚಿದೆ. ಕಂಪನಿಯಿಂದ ಬಂದ ಒಂದು ಸ್ಕ್ರೂನೂ ಬದಲಾಗಿರಬಾರದು, ಆಗಲೇ ಬೆಲೆ. ಮೇಣ ಆಗಿರೋ ರಬ್ಬರನ್ನ ಒರಿಜಿನಲ್ ಅಂತ ಇಟ್ಟುಕೊಂಡು ಪೂಜೆ ಮಾಡೋದಾ? ರಬ್ಬರು, ಫೆಲ್ಟು, ಸ್ಪಂಜು ಇವೆಲ್ಲ ಸವೆಯೋಕೇ ಹಾಕಿದ್ದು. ಸೈಕಲ್ಲಿನ ಟೈರು ಇದ್ದ ಹಾಗೆ. ಅಜ್ಜನ ಸೈಕಲ್ಲು ಅಂತ ಅಜ್ಜ ಹಾಕಿಸಿದ ಟೈರಿನಲ್ಲೇ ಓಡಿಸ್ತೀರಾ? ರೋಡ್ಸ್ ಮಾಡಿದ ಕಂಪನಿಯೇ ಸುತ್ತಿಗೆ ತುದಿಯನ್ನು ಫೆಲ್ಟಿನಿಂದ ರಬ್ಬರಿಗೆ, ಸುತ್ತಿಗೆಯ ಹಿಡಿಯನ್ನು ಮರದಿಂದ ಪ್ಲಾಸ್ಟಿಕ್ಕಿಗೆ ಬದಲಾಯಿಸಿಕೊಂಡೇ ಬಂತು. ಯಾವ ವರ್ಷದ್ದು ಒರಿಜಿನಲ್ ಅನ್ನೋದು?

ಹಾಗಾಗಿ ಹೊಸ ಬಿಡಿಭಾಗ ಮಾಡುವವರು ನನ್ನ ಲೆಕ್ಕದಲ್ಲಿ ದೊಡ್ಡವರು. ನ್ಯೂ ಜೆರ್ಸಿಯ ವಿಂಟೇಜ್ ವೈಬ್ ಅವರು ರಿಪೇರಿ ಮಾಡ್ತಾ ಮಾಡ್ತಾ ರೋಡ್ಸಿಗೆ ಹೊಸ ಟೈನು, ವುರ್ಲಿಟ್ಜರಿಗೆ ಹೊಸ ರೀಡು ಮಾಡೋಕೆ ಶುರು ಮಾಡಿದರು, ಕೊನೆಗೆ ತಮ್ಮದೇ ಒಂದು ಎಲೆಕ್ಟ್ರಿಕ್ ಪಿಯಾನೋ ಮಾಡಿಬಿಟ್ಟರು. ಚಿಕಾಗೋ ಎಲೆಕ್ಟ್ರಿಕ್ ಪಿಯಾನೋ ಕಂಪನಿಯವರು ರೋಡ್ಸ್, ವುರ್ಲಿಟ್ಜರ್ ರಿಪೇರಿಯನ್ನೇ ಉದ್ಯೋಗ ಮಾಡಿಕೊಂಡರು. ಇಂಗ್ಲೆಂಡಿನ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್ ಅಂತೂ ಮೆಲೋಟ್ರಾನ್ ಮಾಡಿದ ಮನೆತನದಿಂದಲೇ ಬಂದದ್ದು. ಮೆಲೋಟ್ರಾನ್ ಗೊತ್ತಲ್ಲ, ಪ್ರತಿ ಮನೆಯ ಕೆಳಗೂ ಒಂದು ಟೇಪಿನ ತುಂಡು, ಒತ್ತಿದರೆ ಸುಮಾರು ಎಂಟು ಸೆಕೆಂಡ್ ಕೊಳಲೋ ಪಿಟೀಲೋ ಕೇಳಿ ನಿಂತುಹೋಗುತ್ತೆ. ಅಂಥದ್ದನ್ನೂ ಇವತ್ತಿಗೂ ಓಡೋ ಹಾಗೆ ಇಟ್ಟಿದ್ದಾರೆ ಅಂದರೆ ಕೈಮುಗೀಬೇಕು.

ಹೊಸ ಭಾಗ ಸಿಗದಿದ್ದರೆ ಏನಾಗುತ್ತೆ ಅಂದರೆ 'ಡೋನರ್' ಪದ್ಧತಿ. ಮೂರು ವಾದ್ಯ ಬಿಚ್ಚಿ ಎರಡು ಮಾಡೋದು. ವುರ್ಲಿಟ್ಜರಿನ ಒಂದು ರೀಡು ಮುರಿದರೆ (ಬಡಿದೂ ಬಡಿದೂ ಉಕ್ಕು ಸೋತು ಮುರಿಯುತ್ತೆ) ಅದೇ ನಂಬರಿನ ರೀಡು ಇನ್ನೊಂದು ವುರ್ಲಿಟ್ಜರಿನಿಂದ ಕೀಳಬೇಕು. ಅದರ 64 ರೀಡಿನಲ್ಲಿ ಒಂದು ಹೋಯ್ತು, ಆಮೇಲೆ ಎರಡು, ಆಮೇಲೆ ಅದೇ ಹೋಯ್ತು. ಕಂಪನಿ ಇವನ್ನು ಮಾಡೋದು ನಿಲ್ಲಿಸಿದ್ದು 1980ರ ದಶಕದ ಮೊದಲ ಭಾಗದಲ್ಲಿ. ಹೊಸ ರೀಡು ಮಾಡುವವರು ಬರದೇ ಇದ್ದರೆ ಇವು ಒಂದನ್ನೊಂದು ತಿಂದು ಮುಗಿದುಹೋಗ್ತಿದ್ದವು. 'ನಕಲಿ ಪಾರ್ಟು' ಅಂತ ಮೂಗು ಮುರಿಯುವವರು ಇದನ್ನ ಒಮ್ಮೆ ಯೋಚಿಸಲಿ.

ಇನ್ನು ಇವೇ ಯಾಕೆ ಇಷ್ಟು ಬಾಳಿಕೆ ಬಂದವು ಅನ್ನೋದು. 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು. ಹಗುರ, ಶ್ರುತಿ ತಪ್ಪಲ್ಲ, ಅದರಲ್ಲೇ ರೋಡ್ಸ್ ಥರದ ದನಿ. ಜನ ರೋಡ್ಸನ್ನ ಗ್ಯಾರೇಜಿಗೆ ತಳ್ಳಿದರು, ಕಸಕ್ಕೂ ಹಾಕಿದರು. 1980ರ ದಶಕದ ಮಧ್ಯದಲ್ಲಿ ಕಾರ್ಖಾನೆಯೇ ನಿಂತಿತು. 1987ರಲ್ಲಿ ರೋಲಾಂಡ್ ಹೆಸರನ್ನು ಕೊಂಡು ಡಿಜಿಟಲ್ ರೋಡ್ಸ್ ತಂದಾಗ ಹೆರಾಲ್ಡ್ ರೋಡ್ಸಿಗೆ ಅದು ಹಿಡಿಸಲೇ ಇಲ್ಲ. 1997ರಲ್ಲಿ ಹೆಸರಿನ ಹಕ್ಕು ವಾಪಸ್ ಪಡೆದರು, 2000ದಲ್ಲಿ ತೀರಿಕೊಂಡರು. (2021ರಲ್ಲಿ ಇಂಗ್ಲೆಂಡಿನ ಲೀಡ್ಸಿನಿಂದ ಎಂಕೆ8 ಅಂತ ನಿಜವಾದ ಕಡ್ಡಿಯ ಹೊಸ ರೋಡ್ಸ್ ಬಂತು. ಬೆಲೆ ನೋಡಿ ಟ್ಯಾಬ್ ಮುಚ್ಚಿದೆ.) ಈಗ ಮಜಾ ನೋಡಿ. ಸೋತ ರೋಡ್ಸನ್ನು ಇವತ್ತು ಸ್ಕ್ರೂಡ್ರೈವರ್, ಇಕ್ಕಳ, ತಾಳ್ಮೆ ಇಟ್ಟುಕೊಂಡು ಯಾರು ಬೇಕಾದರೂ ರಿಪೇರಿ ಮಾಡಬಹುದು. ಕಂಪನಿ 1979ರಲ್ಲಿ ಹೊರತಂದ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಯಾವ ಅಂತರ ಎಷ್ಟಿರಬೇಕು ಅಂತ ಚಿತ್ರ ಸಮೇತ ಬರೆದಿದ್ದಾರೆ. ಗೆದ್ದ ಡಿಎಕ್ಸ್7ರ ಒಳಗೆ ಇರೋದು ಯಮಾಹಾ ಅದಕ್ಕಂತಲೇ ಮಾಡಿದ ಚಿಪ್ಪುಗಳು. ಅದು ಸುಟ್ಟುಹೋದರೆ ಇನ್ನೊಂದು ಡಿಎಕ್ಸ್7 ಕೊಲ್ಲೋದೊಂದೇ ದಾರಿ. ಕಡ್ಡಿಯನ್ನು ಶೆಡ್ಡಿನಲ್ಲಿ ಮಾಡಬಹುದು, ಚಿಪ್ಪನ್ನು ಮಾಡೋಕ್ಕಾಗಲ್ಲ.

ಹ್ಯಾಮಂಡ್ ಬಗ್ಗೆ ಒಂದು ಉಪಕಥೆ, ಅಮೆರಿಕದಲ್ಲಿರೋ ಕನ್ನಡಿಗರಿಗೆ ಉಪಯೋಗಕ್ಕೆ ಬರಬಹುದು. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ತಂದ ಆರ್ಗನ್ನಿನ ಒಳಗೆ ಹಲ್ಲಿನ ಚಕ್ರಗಳು ತಿರುಗ್ತಾ ಇರುತ್ತವೆ, ಬಿ-3 ಮಾಡೆಲ್ಲಿನಲ್ಲಿ 91. ತಿರುಗಿಸೋದು ಸಿಂಕ್ರೋನಸ್ ಮೋಟಾರ್. ಅದರ ವೇಗ ಗೋಡೆಯಲ್ಲಿ ಬರೋ ಕರೆಂಟಿನ ಫ್ರೀಕ್ವೆನ್ಸಿ ಮೇಲೆ. ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿಯ ಆರ್ಗನ್ ತಂದು ಬರೀ ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಹಾಕಿದರೆ ಏನಾಗುತ್ತೆ? ಎಲ್ಲ ಸ್ವರವೂ ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ. ಅಂದರೆ ಷಡ್ಜ ಒತ್ತಿದರೆ ಕೆಳಗಿನ ಚತುಶ್ರುತಿ ಧೈವತ, ಅದೂ ಒಂದು ಚೂರು ಇಳಿದು! ಫ್ರೀಕ್ವೆನ್ಸಿ ಬದಲಾಯಿಸೋ ಯಂತ್ರ ಬೇಕೇ ಬೇಕು. ವುರ್ಲಿಟ್ಜರಿಗೆ ಟ್ರಾನ್ಸ್‌ಫಾರ್ಮರ್ ಸಾಕು. ರೋಡ್ಸ್ ಸ್ಟೇಜ್ ಮಾಡೆಲ್ಲಿಗೆ ಅದೂ ಬೇಡ, ಗಿಟಾರಿನ ಹಾಗೆ ಅದಕ್ಕೆ ಕರೆಂಟೇ ಬೇಕಿಲ್ಲ, ಆಂಪ್ಲಿಫೈಯರಿಗೆ ವೈರು ಚುಚ್ಚಿದರೆ ಆಯ್ತು. ನಾನು ರೋಡ್ಸನ್ನೇ ಹಿಡಿದದ್ದಕ್ಕೆ ಸಂಗೀತಕ್ಕಿಂತ ಇದೇ ಕಾರಣ ಇರಬೇಕು :)

ಹ್ಯಾಮಂಡಿನಲ್ಲಿ ಇನ್ನೊಂದು ಜಗಳ ಇದೆ, ನನ್ನ ವಿಷಯಕ್ಕೆ ಅದು ಬೇಕು. ಹಳೆಯ ಹ್ಯಾಮಂಡುಗಳಲ್ಲಿ ಮೇಣ ಹಚ್ಚಿದ ಕಾಗದದ ಕೆಪಾಸಿಟರ್ ಇದ್ದವು. ವಯಸ್ಸಾದ ಹಾಗೆ ಅವುಗಳ ಅಳತೆ ಬದಲಾಗಿ ಮೇಲಿನ ಸ್ವರಗಳು ಮಂಕಾಗುತ್ತವೆ. ಹೊಸದು ಹಾಕಿದರೆ ದನಿ ಮತ್ತೆ ಚುರುಕು. ಆದರೆ ಕೆಲವರಿಗೆ ಆ ಮಂಕು ದನಿಯೇ ಪ್ರೀತಿ. ಹೊಸದಾಗಿ ಕೊಂಡಾಗ ಅದು ಹೀಗೆ ಇರಲಿಲ್ಲ ಅಂದರೂ ಕೇಳಲ್ಲ. ಅವರು ಕೇಳಿ ಬೆಳೆದದ್ದು ಇಪ್ಪತ್ತು ವರ್ಷ ಹಳತಾದ ಆರ್ಗನ್. ಯಾರು ಸರಿ? ಇಬ್ಬರೂ ಸರಿ ಅಂತ ನನ್ನ ಅಭಿಪ್ರಾಯ. ಅದಕ್ಕೇ ವರ್ಕ್‌ಶಾಪಿನವನು ತನ್ನಷ್ಟಕ್ಕೆ ತಾನು ತೀರ್ಮಾನ ಮಾಡಬಾರದು. ಕೇಳಬೇಕು. ತೆಗೆದ ಕೆಪಾಸಿಟರ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಕೊಡಬೇಕು.

ಈಗ ನನ್ನ ದೂರು.

2022ರಲ್ಲಿ ಆಫೀಸಿನ ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ಒಬ್ಬ ಮುದುಕರ ಮನೆಯ ನೆಲಮಾಳಿಗೆಯಿಂದ ಒಂದು ರೋಡ್ಸ್ ಸ್ಟೇಜ್ 73 ಕೊಂಡೆ. ಒಳಗೆ 2876 ಅಂತ ಮುದ್ರೆ ಇತ್ತು, ಅಂದರೆ 1976ರ 28ನೇ ವಾರ. ರೋಡ್ಸಿನಲ್ಲಿ ಹೀಗೆ ವಾರ, ವರ್ಷ ಒತ್ತಿರ್ತಾರೆ. ಮುದುಕರು ಮದುವೆ ಮನೆಗಳಲ್ಲಿ ನುಡಿಸೋ ಬ್ಯಾಂಡಿನಲ್ಲಿದ್ದವರು. ಬೆರಳು ಮಡಚಲ್ಲ ಅಂತ ಮಾರ್ತಿದ್ದರು. ವಾದ್ಯದ ಮೇಲೆ ಮುಚ್ಚೋಕೆ ಒಂದು ದೊಡ್ಡ ಮುಚ್ಚಳ ಇರುತ್ತೆ. ಅದರ ಒಳಮೈ ಕಪ್ಪು. ಅದರ ಮೇಲೆ ಬಿಳಿ ಪೆನ್ಸಿಲಿನಲ್ಲಿ ಅವರು ನುಡಿಸಿದ ಜಾಗಗಳ ಪಟ್ಟಿ ಬರೆದಿದ್ದರು. ಊರು, ಹಾಲಿನ ಹೆಸರು, ಇಸವಿ. 1977ರಿಂದ 1991ರವರೆಗೆ. ಕೆಲವು ಸಾಲಿನ ಮುಂದೆ ಮಳೆ, ಫ್ಯೂಸ್ ಹೋಯ್ತು, ದುಡ್ಡು ಕೊಡಲಿಲ್ಲ ಅಂತೆಲ್ಲ ಟಿಪ್ಪಣಿ. ಕಾರಿಗೆ ಹತ್ತಿಸುವಾಗ "ಪುರುಸೊತ್ತಾದಾಗ ಪಟ್ಟಿ ಓದು, ಕಥೆ ಬೇಕಾದರೆ ಫೋನ್ ಮಾಡು" ಅಂದರು.

ಮನೆಗಳು ಗಟ್ಟಿಯಾಗಿದ್ದವು, ಅರ್ಧಕ್ಕರ್ಧ ಸ್ವರ ಬರ್ತಿರಲಿಲ್ಲ. ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಬೇಡ. ಮೇಲೆ ಹೇಳಿದ ಯಾವುದೂ ಅಲ್ಲ. ಫಾರಂನಲ್ಲಿ 'ಫುಲ್ ರಿಸ್ಟೋರೇಶನ್' ಅನ್ನೋ ಚೌಕಕ್ಕೆ ನಾನೇ ಟಿಕ್ ಹಾಕಿದ್ದೆ, ಅದನ್ನ ಮುಚ್ಚಿಡಲ್ಲ. ಎರಡು ತಿಂಗಳಿಗೆ ವಾಪಸ್ ಬಂತು. ನುಡಿಸಿದರೆ ಬೆಣ್ಣೆ! ಬಿಲ್ಲಿನಲ್ಲಿ ಒಂದೇ ಸಾಲು. ಮುಚ್ಚಳ ತೆಗೆದು ನೋಡ್ತೀನಿ, ಒಳಮೈ ಪಳಪಳ ಹೊಳೀತಿದೆ. ಉಪ್ಪುಕಾಗದ ಹಾಕಿ ಉಜ್ಜಿ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. "ಒಳಗೆಲ್ಲ ಗೀಚಿತ್ತು, ಕ್ಲೀನ್ ಮಾಡಿದೀವಿ, ಅದಕ್ಕೆ ಚಾರ್ಜ್ ಹಾಕಿಲ್ಲ" ಅಂತ ಸಂತೋಷದಿಂದಲೇ ಹೇಳಿದ ಹುಡುಗ. ಅವನ ಮೇಲೆ ಸಿಟ್ಟು ಮಾಡೋಕೂ ಆಗಲಿಲ್ಲ. ಆಮೇಲೆ ನಾನೇ ಬಿಚ್ಚಿ ನೋಡಿದಾಗ ಮೇಲಿನ ಸಪ್ತಕದಲ್ಲಿ ಮೂರು ಟೈನು ಬೇರೆ ಬಣ್ಣ. ಬೇರೆ ಯಾವುದೋ ವಾದ್ಯದ್ದು. ಹಳೆಯವು ಮುರಿದಿದ್ದವಾ, ಸವೆದಿದ್ದವಾ, ಅಥವಾ ಚೆನ್ನಾಗಿದ್ದವು ಅಂತ ಇನ್ನೊಬ್ಬರ ವಾದ್ಯಕ್ಕೆ ಹೋದವಾ? ಕೇಳಿದರೆ ನೆನಪಿಲ್ಲ ಅಂದರು. ನಿಜವಾಗಲೂ ನೆನಪಿರಲ್ಲ ಬಿಡಿ. ನನಗೆ ಹೋದ ತಿಂಗಳು ನಾನೇ ಬರೆದ ಕೋಡ್ ನೆನಪಿರಲ್ಲ.

ಟೈನಿನ ಬಗ್ಗೆ ನನಗೆ ಬೇಜಾರಿಲ್ಲ, ಹೊಸದು ಮಾಡ್ತಾರೆ. ಸುತ್ತಿಗೆ ತುದಿ ಬದಲಾಯಿಸಿದ್ದೂ ಸರಿಯೇ. ಮುಚ್ಚಳದ ಒಳಮೈ ಇನ್ನೊಂದು ಮಾಡೋಕ್ಕಾಗಲ್ಲ. ಯಾವುದನ್ನು ವಾಪಸ್ ಮಾಡಬಹುದು, ಯಾವುದನ್ನು ಆಗಲ್ಲ ಅನ್ನೋ ವ್ಯತ್ಯಾಸ ಆ ವರ್ಕ್‌ಶಾಪಿನವರಿಗೆ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಡೇಟಾಬೇಸಿನ ಒಂದು ಸಾಲು ಅಳಿಸಬೇಕಾದರೆ ಇಬ್ಬರ ಒಪ್ಪಿಗೆ ಬೇಕು. ಇಲ್ಲಿ ಹದಿನಾಲ್ಕು ವರ್ಷ ಅಳಿಸೋಕೆ ಉಪ್ಪುಕಾಗದದ ಒಂದು ಹಾಳೆ ಸಾಕಾಯ್ತು.

ಈ ಮಾತು ಬಂದಾಗಲೆಲ್ಲ ನನಗೆ ಧಾರವಾಡದ ನಮ್ಮ ಅಜ್ಜನ ಪೇಟಿ ನೆನಪಾಗುತ್ತೆ. (ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ.) ಅದನ್ನ ರಿಪೇರಿ ಮಾಡೋಕೆ ಒಬ್ಬ ಮಾಸ್ತರ್ ಮನೆಗೇ ಬರ್ತಿದ್ದರು. ನಾನಾಗ ನಾಲ್ಕನೇ ಕ್ಲಾಸೋ ಐದೋ. ಅವರು ರೀಡ್ ಬೋರ್ಡ್ ತೆಗೆದರೆ ಪೆಟ್ಟಿಗೆಯ ಒಳಗೋಡೆ ತುಂಬಾ ಪೆನ್ಸಿಲ್ ಬರಹ. ಇಸವಿ, ತಾರೀಖು, 'ಮಧ್ಯ ಸಪ್ತಕ ಗ ಬದಲಿ', 'ಭಾತೆಗೆ ಹೊಸ ಚರ್ಮ', ಕೆಳಗೆ ಸಹಿ. ಅವರಿಗಿಂತ ಮೊದಲು ರಿಪೇರಿ ಮಾಡಿದವರದ್ದೂ ಇತ್ತು, ಮೋಡಿ ಅಕ್ಷರದಲ್ಲಿ, ಯಾರಿಗೂ ಓದೋಕೆ ಬರ್ತಿರಲಿಲ್ಲ. ಮಾಸ್ತರ್ ಅದನ್ನ ಮುಟ್ಟಿರಲಿಲ್ಲ. ಅದರ ಪಕ್ಕದಲ್ಲಿ ಜಾಗ ನೋಡಿಕೊಂಡು ಬರೆದಿದ್ದರು.

"ಇದ್ಯಾಕ ಬರೀತೀರಿ ಮಾಸ್ತರ್, ಯಾರ್ ನೋಡ್ತಾರ್ರೀ ಒಳಗ?" ಅಂತ ಕೇಳಿದ್ದೆ.

"ಬಿಚ್ಚಿದಂವ ನೋಡ್ತಾನಪಾ ತಮ್ಮಾ. ಬಿಚ್ಚಿದಂವ ಬರದಿಡಬೇಕು, ಇಲ್ಲಾಂದ್ರ ಹಿಂದ ಬರಾಂವ ನಮಗ ಬೈತಾನ" ಅಂದಿದ್ದರು.

ಮಾಸ್ತರಿಗೆ ಅಂಗಡಿ ಇರಲಿಲ್ಲ, ಬಿಲ್ ಬುಕ್ಕೂ ಇರಲಿಲ್ಲ. ಅಷ್ಟು ದುಡ್ಡು ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಒಂದು ಪೆನ್ಸಿಲ್ ಭಾರ ಆಗುತ್ತಾ? ಎಲ್ಲ ವರ್ಕ್‌ಶಾಪೂ ಹೀಗೆ ಅಂತ ಹೇಳ್ತಿಲ್ಲ. ಮೊದಲು ಮತ್ತು ಆಮೇಲೆ ಅಂತ ಫೋಟೋ ತೆಗೆದು, ಬದಲಾಯಿಸಿದ್ದನ್ನೆಲ್ಲ ಪಟ್ಟಿ ಮಾಡಿ, ಹಳೇ ಭಾಗಗಳನ್ನು ಡಬ್ಬಿಯಲ್ಲಿ ಹಾಕಿಕೊಡೋರೂ ಇದ್ದಾರೆ. ಆದರೆ ಅದು ಅವರವರ ಒಳ್ಳೇತನಕ್ಕೆ ಬಿಟ್ಟದ್ದು. ಹೀಗೇ ಇರಬೇಕು ಅಂತ ಗಿರಾಕಿಗಳು ಕೇಳಲ್ಲ, ನಾನೂ ಕೇಳಲಿಲ್ಲ. ನಾವು ಕೇಳೋದು ಎಷ್ಟು ದಿನ, ಎಷ್ಟು ದುಡ್ಡು, ಹೊಸದರ ಹಾಗೆ ಕಾಣುತ್ತಾ. 'ಹೊಸದರ ಹಾಗೆ' ಅನ್ನೋದನ್ನ ಕೇಳಿ ಪಡೆದುಕೊಂಡ ಮೇಲೆ ಅಳೋದು ಯಾಕೆ ಅಂತ ನೀವು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇದಕ್ಕೆ ವಿರುದ್ಧ ಒಂದು ವಾದ ಇದೆ, ನನ್ನ ಹೆಂಡತಿಯದ್ದೇ. "ಪಟ್ಟಿ ಇದ್ದದ್ದು ಆ ಮುದುಕರಿಗೆ. ಮಾರಿದ ಮೇಲೆ ಅದು ನಿಮ್ಮ ವಾದ್ಯ. ಮನೆ ಕೊಂಡವರು ಗೋಡೆಗೆ ಬಣ್ಣ ಹೊಡೆಸಲ್ವಾ?" ಅಂತಾಳೆ. ಹೊಡೆಸ್ತೀವಿ, ಹೌದು. ಆದ್ರೆ ಮನೆ ಗೋಡೆಗೆ ಬಣ್ಣ ಹೊಡೆದವನು ತಾನು ಮನೆಯ ಹಳೇ ವೈಭವವನ್ನು ಮರಳಿ ತಂದೆ ಅಂತ ಬೋರ್ಡ್ ಹಾಕಿಕೊಳ್ಳಲ್ಲ. ಇವರ ಬೋರ್ಡಿನ ಮೇಲೆ ಇರೋ ಪದವೇ ರಿಸ್ಟೋರೇಶನ್. ಆ ವಾದ್ಯ 1976ರಲ್ಲಿ ಕಾರ್ಖಾನೆಯಿಂದ ಹೊರಬಂದ ದಿನಕ್ಕೆ ವಾಪಸ್ ಹೋಗೋದೇ ರಿಸ್ಟೋರೇಶನ್ ಅನ್ನೋದಾದರೆ ಅದು ನುಡಿದ ದಿನಗಳೆಲ್ಲ ಕೊಳೆ ಅಂತಾಯ್ತಲ್ಲ. ನಾನು ಕೊಂಡದ್ದು ಕೊಳೆ ಸಮೇತ.

ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ರೋಡ್ಸೂ ಹಡಗಿನಲ್ಲಿ ಬೆಂಗಳೂರಿಗೆ ಬಂತು. ಅದರ ಉದ್ದನೆಯ ಕಪ್ಪು ಪೆಟ್ಟಿಗೆ ನೋಡಿ ಅಮ್ಮ, "ಏನೋ ಇದು, ಮನ್ಯಾಗ ಶವದ ಪೆಟ್ಟಿಗಿ ತಂದಿಟ್ಟೀಯಲ್ಲೋ" ಅಂದಳು. ಈಗ ಶನಿವಾರ ಭಾನುವಾರ ಅದರ ಮೈಮೇಲೆ ಹಾಡು ಕಲೀತಾಳೆ ನನ್ನ ತಂಗಿ. ಮಳೆಗಾಲದಲ್ಲಿ ಮರ ಉಬ್ಬಿ ಎರಡು ಮನೆ ಹಿಡ್ಕೊಂಡವು, ಬಿಚ್ಚಿ ಫೆಲ್ಟ್ ಸಡಿಲ ಮಾಡಿದೆ. ಒಂದು ಕಡ್ಡಿಯ ಸ್ಪ್ರಿಂಗ್ ಜಾರಿತ್ತು, ಸರಿಸಿದೆ. ಒಂದು ಮನೆ ಇನ್ನೂ ಗುಂಯ್ ಅನ್ನುತ್ತೆ, ಯಾಕೆ ಅಂತ ಸಿಕ್ಕಿಲ್ಲ. ಇದನ್ನೆಲ್ಲ ಮುಚ್ಚಳದ ಒಳಗೆ ಆ ಪಳಪಳ ಕಪ್ಪು ಬಣ್ಣದ ಮೇಲೆ ಬಿಳಿ ಪೆನ್ಸಿಲಿನಲ್ಲಿ ಬರೀತಾ ಇದ್ದೀನಿ. ಬಲಗಡೆಯಿಂದ ಶುರು ಮಾಡಿದೆ. ಮೂರು ಟೈನ್ ಬೇರೆಯವು ಅನ್ನೋದೇ ಮೊದಲ ಸಾಲು.

ಎಡಗಡೆ ಖಾಲಿ ಬಿಟ್ಟಿದ್ದೀನಿ. ಕೊಂಡ ದಿನ ಮುಚ್ಚಳದ್ದು ಒಂದೇ ಒಂದು ಫೋಟೋ ತೆಗೆದಿದ್ದೆ, ಅದೂ ಅಲುಗಾಡಿದೆ. ದೊಡ್ಡದು ಮಾಡಿ ನೋಡಿದರೆ ನಾಲ್ಕು ಸಾಲು ಓದೋಕೆ ಬರುತ್ತೆ, ಅದನ್ನ ಹಾಗೇ ಇಳಿಸಿದೆ. 1983ರ ಸಾಲಿನ ಮುಂದೆ 'ಫ್ಯೂಸ್' ಅಂತಿದೆ. ಮಿಕ್ಕದ್ದು ಮುದುಕರನ್ನೇ ಕೇಳಿ ಬರೀಬೇಕು. ಕೇಳಬೇಕಾದರೆ ಪಟ್ಟಿ ಏನಾಯ್ತು ಅಂತ ಹೇಳಬೇಕಲ್ಲ. ನಂಬರ್ ಇದೆ. ಇನ್ನೂ ಫೋನ್ ಮಾಡಿಲ್ಲ.